ಎಷ್ಟು ಹೊತ್ತು ಬಿಸಿಲು?

ವಾರಕ್ಕೆರಡು ದಿನ, ಆಫೀಸಿಗೆ ಹೋಗುವ ಮುಂಚೆ, ಪುಣೆಯ ಒಂದು ಚರ್ಮರೋಗ ಕ್ಲಿನಿಕ್ಕಿನಲ್ಲಿ ನಾನು ಬೀರುವಿನಂಥ ಪೆಟ್ಟಿಗೆಯೊಳಗೆ ನಿಲ್ಲುತ್ತೇನೆ. ಒಳಗೋಡೆಯ ತುಂಬ ಉದ್ದುದ್ದಕ್ಕೆ ಟ್ಯೂಬ್‌ಲೈಟುಗಳು. ಕಪ್ಪು ಕನ್ನಡಕ ಹಾಕಿಕೊಂಡು ನಿಂತ ಮೇಲೆ ಸಿಸ್ಟರು ಹೊರಗಿನಿಂದ ಮರಾಠಿಯಲ್ಲಿ 'ಡೋಳೆ ಮಿಟಾ' ಅನ್ನುತ್ತಾರೆ. ಕಣ್ಣು ಮುಚ್ಚುತ್ತೇನೆ. ಫ್ಯಾನು ಗುಂಯ್ ಅನ್ನುತ್ತದೆ, ಮೈಗೆ ಒಂದಿಷ್ಟು ಬೆಚ್ಚಗಾಗುತ್ತದೆ, ಅಷ್ಟರಲ್ಲಿ ಮುಗಿದಿರುತ್ತದೆ. ಮೊದಲ ದಿನ ನಲವತ್ತು ಸೆಕೆಂಡು ಇತ್ತು. ಈಗ ಒಂದು ನಿಮಿಷ ಹತ್ತು ಸೆಕೆಂಡಿಗೆ ಬಂದಿದೆ. ಪ್ರತಿ ಸಲವೂ ಎಷ್ಟು ಕೊಟ್ಟರು, ಮರುದಿನ ಚರ್ಮ ಕೆಂಪಾಯಿತೇ ಇಲ್ಲವೇ ಎಂದು ಕಾರ್ಡಿನಲ್ಲಿ ಬರೆದಿಡುತ್ತಾರೆ.

ನನ್ನ ಎಡ ಮುಂಗೈ ಮೇಲೆ ಎರಡು ವರ್ಷದ ಹಿಂದೆ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಡಾಕ್ಟರು 'ವಿಟಿಲಿಗೋ' ಅಂದಾಗ ತಲೆಯಾಡಿಸಿದೆ. ಇಂಗ್ಲಿಷಿನಲ್ಲಿ ಕೇಳಿದರೆ ಅದು ಬರೀ ಒಂದು ಕಾಯಿಲೆಯ ಹೆಸರು. ಮನೆಗೆ ಬಂದು ಹೆಂಡತಿಗೆ 'ತೊನ್ನು' ಅಂತ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಆ ಪದದ ಜೊತೆಗೆ ನನ್ನ ಸೋದರತ್ತೆಯ ಇಡೀ ಬದುಕು ಬರುತ್ತದೆ. ಅರಸೀಕೆರೆ ಹತ್ತಿರದ ನಮ್ಮೂರಿನಲ್ಲಿ, ನಾನು ಹುಟ್ಟುವ ಎಷ್ಟೋ ಮೊದಲು, ಅತ್ತೆಯ ಮೊಣಕಾಲಿನ ಕೆಳಗೆ ಬಿಳಿ ಮಚ್ಚೆಗಳು ಬಂದವಂತೆ. ಗ್ರಂಧಿಗೆ ಅಂಗಡಿಯಿಂದ ಬಾವಂಚಿ ಬೀಜ ತರಿಸಿ, ಅರೆದು ಹಚ್ಚಿ, ಅಂಗಳದಲ್ಲಿ ಬಿಸಿಲಿಗೆ ಕೂರಿಸಿದರಂತೆ. ಮೂರನೆಯ ದಿನ ನಿಂಬೆಹಣ್ಣಿನ ಗಾತ್ರದ ಗುಳ್ಳೆಗಳೆದ್ದವು. ಗುಳ್ಳೆ ಒಡೆದು, ಕೀವಾಗಿ, ತಿಂಗಳುಗಟ್ಟಲೆ ಮಲಗಿದರು. ನಾನು ನೋಡುವ ಹೊತ್ತಿಗೆ ಅಲ್ಲಿ ತೊನ್ನೂ ಇತ್ತು, ಸುಟ್ಟ ಕಲೆಯೂ ಇತ್ತು. ಗಂಡು ನೋಡಲು ಬಂದವರು ಯಾವುದನ್ನು ನೋಡಿ ಎದ್ದು ಹೋದರೋ ಗೊತ್ತಿಲ್ಲ. ಅತ್ತೆಗೆ ಮದುವೆಯಾಗಲಿಲ್ಲ.

'ನಾಟಿ ಮದ್ದು ಮಾಡಿ ಕಾಲು ಹಾಳು ಮಾಡಿಕೊಂಡಳು' ಎನ್ನುವುದು ಮನೆಯ ತೀರ್ಮಾನವಾಗಿತ್ತು. ಎಂಜಿನಿಯರಿಂಗ್ ಓದಿದ ನಾನೂ ಅದನ್ನೇ ನಂಬಿದ್ದೆ. ಆ ಪೆಟ್ಟಿಗೆಯೊಳಗೆ ನಿಲ್ಲಲು ಶುರುಮಾಡಿದ ಮೇಲೆ, ಇದು ಎಲ್ಲಿಂದ ಬಂತು ಎಂದು ಹುಡುಕಿ ಓದುತ್ತಾ ಹೋದೆ. ಆ ತೀರ್ಮಾನ ಅರ್ಧ ಮಾತ್ರ ನಿಜ ಎಂದು ತಿಳಿಯಿತು. ಮದ್ದು ಸುಳ್ಳಾಗಿರಲಿಲ್ಲ.

ಬೆಳಕಿನ ಚಿಕಿತ್ಸೆಯ ಆಧುನಿಕ ಚರಿತ್ರೆಯನ್ನು ಸಾಮಾನ್ಯವಾಗಿ ಡೆನ್ಮಾರ್ಕಿನಿಂದ ಹೇಳುತ್ತಾರೆ. ನೀಲ್ಸ್ ಫಿನ್ಸೆನ್ 1860ರಲ್ಲಿ ಫಾರೋ ದ್ವೀಪಗಳಲ್ಲಿ ಹುಟ್ಟಿದವನು. ಸೂರ್ಯ ಅಪರೂಪಕ್ಕೆ ಮುಖ ತೋರಿಸುವ ಜಾಗ ಅದು. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆಯಿಂದ ವರ್ಷಗಟ್ಟಲೆ ನರಳಿದ. ಛಾವಣಿಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಬೆಕ್ಕು ನೆರಳು ಬಂದಂತೆಲ್ಲ ಎದ್ದು ಮತ್ತೆ ಬಿಸಿಲಿಗೇ ಹೋಗಿ ಮಲಗುವುದನ್ನು ನೋಡಿ ಅವನ ಕುತೂಹಲ ಹುಟ್ಟಿತು ಎನ್ನುವ ಕತೆ ಇದೆ. ನಮ್ಮ ಊರಿನಲ್ಲಾದರೆ ಬೆಕ್ಕು ನೆರಳು ಹುಡುಕಿಕೊಂಡು ಹೋಗುತ್ತಿತ್ತು, ಚರಿತ್ರೆಯೇ ಬೇರೆಯಾಗುತ್ತಿತ್ತು.

ಆಗ ಯೂರೋಪಿನಲ್ಲಿ ಲೂಪಸ್ ವಲ್ಗ್ಯಾರಿಸ್ ಎಂಬ ಚರ್ಮದ ಕ್ಷಯ ಇತ್ತು. ಮೂಗು, ತುಟಿ, ಕೆನ್ನೆಯನ್ನು ನಿಧಾನವಾಗಿ ತಿನ್ನುವ ರೋಗ. ಕತ್ತರಿಸುವುದು, ಸುಡುವುದು ಬಿಟ್ಟರೆ ಬೇರೆ ಉಪಾಯವಿರಲಿಲ್ಲ. 1895ರ ನವೆಂಬರಿನಲ್ಲಿ ಫಿನ್ಸೆನ್ ಕೋಪನ್‌ಹೇಗನ್ನಿನ ವಿದ್ಯುತ್ ಕೇಂದ್ರದ ಕಾರ್ಬನ್ ಆರ್ಕ್ ದೀಪದ ಬೆಳಕನ್ನು ಮಸೂರಗಳಿಂದ ಒಟ್ಟುಗೂಡಿಸಿ, ನೀಲ್ಸ್ ಮೋಗೆನ್ಸೆನ್ ಎಂಬ ಎಂಜಿನಿಯರನ ಮುಖದ ಮೇಲೆ ಬಿಟ್ಟ. ಗಾಯ ಮಾಯಲು ಶುರುವಾಯಿತು. ಮರುವರ್ಷ ಬೆಳಕಿನ ಚಿಕಿತ್ಸೆಗೆಂದೇ ಒಂದು ಸಂಸ್ಥೆ ಎದ್ದಿತು. ಒಂದೊಂದು ದೊಡ್ಡ ದೀಪದ ಸುತ್ತ ನಾಲ್ಕು ರೋಗಿಗಳು ಮಲಗಿದ್ದಾರೆ, ಒಬ್ಬೊಬ್ಬರ ಪಕ್ಕದಲ್ಲೂ ಬಿಳಿ ಉಡುಪಿನ ದಾದಿ ನೀರಿನಿಂದ ತಂಪಾಗಿಸಿದ ಮಸೂರವನ್ನು ಅವರ ಚರ್ಮಕ್ಕೆ ಒತ್ತಿ ಹಿಡಿದಿದ್ದಾಳೆ: ಆ ಕಾಲದ ಫೋಟೋಗಳಲ್ಲಿ ಕಾಣುವ ದೃಶ್ಯ ಇದು. ಒತ್ತುವುದಕ್ಕೆ ಕಾರಣವಿತ್ತು. ರಕ್ತ ಅಲ್ಲಿಂದ ಸರಿದರೆ ಬೆಳಕು ಇನ್ನೂ ಆಳಕ್ಕೆ ಇಳಿಯುತ್ತದೆ. ದಿನಕ್ಕೆ ಒಂದು ಗಂಟೆ, ತಿಂಗಳುಗಟ್ಟಲೆ. 1903ರಲ್ಲಿ ಫಿನ್ಸೆನ್‌ಗೆ ನೊಬೆಲ್ ಬಂತು. ತಾನೇ ಹೋಗಿ ಪಡೆಯುವಷ್ಟು ಶಕ್ತಿ ಇರಲಿಲ್ಲ. ಮರುವರ್ಷ, ನಲವತ್ತನಾಲ್ಕು ತುಂಬುವ ಮೊದಲೇ ತೀರಿಕೊಂಡ.

ಅತಿನೇರಳೆ ಕಿರಣಗಳು ಕ್ಷಯದ ಕ್ರಿಮಿಯನ್ನು ಕೊಲ್ಲುತ್ತವೆ ಎನ್ನುವುದು ಅವನ ವಿವರಣೆ. ಅದು ಸರಿಯಾಗಿತ್ತೇ ಎನ್ನುವ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ಅದೇ ವರ್ಷಗಳಲ್ಲಿ ಮ್ಯೂನಿಕ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ನನಗೆ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟವಾದ ಭಾಗ ಇದು. 1897-98ರ ಚಳಿಗಾಲ. ಪ್ರೊಫೆಸರ್ ಹೆರ್ಮಾನ್ ಫಾನ್ ಟಾಪೈನರ್ ಕೈಕೆಳಗೆ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಕೆಲಸ ಮಾಡುತ್ತಿದ್ದ. ಅಕ್ರಿಡಿನ್ ಎಂಬ, ಕಲ್ಲಿದ್ದಲ ಡಾಂಬರಿನಿಂದ ಸಿಗುವ ರಾಸಾಯನಿಕವು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯನ್ನು ಎಷ್ಟು ಹೊತ್ತಿನಲ್ಲಿ ಕೊಲ್ಲುತ್ತದೆ ಎಂದು ಅಳೆಯುವುದು ಅವನ ಕೆಲಸ. ಆದರೆ ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಅದೇ ದ್ರಾವಣ, ಅಷ್ಟೇ ಪ್ರಮಾಣ, ಅದೇ ಜೀವಿಗಳು. ಒಂದು ದಿನ ಬೇಗ ಸಾಯುತ್ತವೆ, ಇನ್ನೊಂದು ದಿನ ಆರಾಮವಾಗಿ ಈಜಾಡುತ್ತಿರುತ್ತವೆ.

ನಮ್ಮ ಕೆಲಸದಲ್ಲಿರುವವರಿಗೆ ಈ ಪರಿಸ್ಥಿತಿ ಗೊತ್ತು. ಸೋಮವಾರ ಪಾಸಾದ ಟೆಸ್ಟು ಬುಧವಾರ ಫೇಲಾಗುತ್ತದೆ, ಕೋಡು ಒಂದಕ್ಷರ ಬದಲಾಗಿಲ್ಲ. ಹತ್ತರಲ್ಲಿ ಒಂಬತ್ತು ಟೀಮುಗಳು ಅದನ್ನು ಮತ್ತೊಮ್ಮೆ ಓಡಿಸಿ, ಪಾಸಾದ ಕೂಡಲೇ ಮುಚ್ಚಿಬಿಡುತ್ತವೆ. ನಾನೂ ಮುಚ್ಚಿಸಿದ್ದೇನೆ, ಸುಳ್ಳು ಯಾಕೆ. ರಾಬ್ ಮುಚ್ಚಲಿಲ್ಲ. ಆ ದಿನಗಳಲ್ಲಿ ಬೇರೆ ಏನು ಬದಲಾಗಿತ್ತು ಎಂದು ನೋಡಿದ. ಒಂದು ಪ್ರಯೋಗದ ದಿನ ಗುಡುಗು ಮಳೆಯಾಗಿ ಕತ್ತಲು ಕವಿದಿತ್ತು. ಕೋಣೆಯಲ್ಲಿ ಬದಲಾಗಿದ್ದದ್ದು ಬೆಳಕು. ಬಣ್ಣವನ್ನು ಕತ್ತಲಲ್ಲಿಟ್ಟರೆ ಜೀವಿಗಳಿಗೆ ಏನೂ ಆಗುವುದಿಲ್ಲ. ಬಣ್ಣವಿಲ್ಲದ ಬೆಳಕಿನಲ್ಲಿಟ್ಟರೂ ಏನೂ ಆಗುವುದಿಲ್ಲ. ಎರಡೂ ಸೇರಿದರೆ ಸಾವು. 1900ರಲ್ಲಿ ಅವನು ಇದನ್ನು ಪ್ರಕಟಿಸಿದ. ಅದೇ ವರ್ಷ ಫ್ರಾನ್ಸಿನಲ್ಲಿ ಪ್ರೀಮ್ ಎಂಬ ವೈದ್ಯ ಮೂರ್ಛೆರೋಗಕ್ಕೆಂದು ಇಯೋಸಿನ್ ಬಣ್ಣ ಕುಡಿಸಿದ್ದ ರೋಗಿಗಳಿಗೆ ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಉರಿದೆದ್ದದ್ದನ್ನು ವರದಿ ಮಾಡಿದ.

ಟಾಪೈನರ್ ಇವೆರಡನ್ನೂ ಜೋಡಿಸಿದ. ಬೆಳಕು ಬಿದ್ದ ಕಡೆ ಮಾತ್ರ ಕೊಲ್ಲುವ ವಿಷವಿದ್ದರೆ, ಕೊಲ್ಲಬೇಕಾದ್ದರ ಮೇಲಷ್ಟೇ ಬೆಳಕು ಬಿಡಬಹುದಲ್ಲ? 1903ರಲ್ಲಿ ಆಲ್ಬರ್ಟ್ ಯೆಸಿಯೋನೆಕ್ ಎಂಬ ಚರ್ಮವೈದ್ಯನ ಜೊತೆ ಸೇರಿ ಚರ್ಮದ ಕ್ಯಾನ್ಸರ್ ಗಡ್ಡೆಗಳಿಗೆ ಇಯೋಸಿನ್ ಹಚ್ಚಿ ಬೆಳಕಿಗೆ ಒಡ್ಡಿದ. ಕೆಲವರಲ್ಲಿ ಗಡ್ಡೆ ಕರಗಿತು. ಮರುವರ್ಷ ಯೋಡ್ಲ್‌ಬಾವರ್ ಎಂಬ ಸಹೋದ್ಯೋಗಿಯ ಜೊತೆ, ಇದು ನಡೆಯಬೇಕಾದರೆ ಆಮ್ಲಜನಕವೂ ಬೇಕು ಎಂದು ತೋರಿಸಿದ. ಬಣ್ಣದ ಅಣು ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕ ಕೈಗೆ ಸಿಕ್ಕ ಜೀವಕೋಶವನ್ನು ಸುಡುತ್ತದೆ. ಇದಕ್ಕೆ ಅವನು ಕೊಟ್ಟ ಹೆಸರು 'ಫೋಟೋಡೈನಾಮಿಕ್' ಕ್ರಿಯೆ. ಇವತ್ತಿಗೂ ಅದೇ ಹೆಸರು.

ಹಾಗಾದರೆ ಚರ್ಮದ ಕ್ಯಾನ್ಸರಿಗೆ ಬೆಳಕಿನ ಚಿಕಿತ್ಸೆ 1903ರಲ್ಲೇ ಸಿಕ್ಕಿತ್ತು. ಆದರೆ ರೋಗಿಗಳ ಕೈಗೆ ಅದು ಸೇರಿದ್ದು ಹೆಚ್ಚುಕಡಿಮೆ ನೂರು ವರ್ಷದ ನಂತರ. ಯಾಕೆ? ಎಕ್ಸ್-ರೇ, ರೇಡಿಯಂ ಎರಡೂ ಅದೇ ಹೊತ್ತಿಗೆ ಬಂದವು, ಅವುಗಳ ಮುಂದೆ ಬಣ್ಣ ಹಚ್ಚಿ ದೀಪ ಹಿಡಿಯುವ ಕೆಲಸ ಮಂಕಾಗಿ ಕಂಡಿರಬೇಕು ಎಂದು ನನ್ನ ಊಹೆ. ಇನ್ನೊಂದು ಕಾರಣ ನನ್ನ ಅತ್ತೆಯ ಕಾಲಿಗೂ ಸಂಬಂಧಪಟ್ಟದ್ದು. ಎಷ್ಟು ಮದ್ದು, ಎಷ್ಟು ಬೆಳಕು, ಯಾವ ಬಣ್ಣದ ಬೆಳಕು ಎಂದು ಅಳೆಯುವ ಸಾಧನ ಯಾರ ಹತ್ತಿರವೂ ಸರಿಯಾಗಿರಲಿಲ್ಲ. ಅಳತೆ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು 1912ರ ಅಕ್ಟೋಬರಿನಲ್ಲಿ ಫ್ರೀಡ್ರಿಕ್ ಮೇಯರ್-ಬೆಟ್ಸ್ ಎಂಬ ಜರ್ಮನ್ ವೈದ್ಯ ತನ್ನ ಮೈಮೇಲೆಯೇ ತೋರಿಸಿಕೊಟ್ಟ. ರಕ್ತದಿಂದ ತೆಗೆಯುವ ಹಿಮ್ಯಾಟೋಪಾರ್ಫಿರಿನ್ ಎಂಬ ವಸ್ತುವನ್ನು 200 ಮಿಲಿಗ್ರಾಂ ತನಗೆ ತಾನೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಗುರುತು ಸಿಗದ ಹಾಗೆ ಮುಖ ಊದಿಕೊಂಡಿತು. ಎರಡು ತಿಂಗಳಾದರೂ ಬಿಸಿಲು ತಡೆಯಲು ಆಗುತ್ತಿರಲಿಲ್ಲ. ಆ ಮುಖದ ಫೋಟೋ ವೈದ್ಯಕೀಯ ಲೇಖನಗಳಲ್ಲಿ ಇಂದಿಗೂ ಅಚ್ಚಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಿತ್ರಕ್ಕೆ, ಅಂದರೆ ತೊನ್ನಿಗೆ, ಒಂದು ಕ್ರಮವಿದೆ. ಕಾಡತ್ತಿಯ ರಸಕ್ಕೆ ಬೆಲ್ಲ ಸೇರಿಸಿ ಕುಡಿಸಬೇಕು, ಮೈಗೆ ಎಣ್ಣೆ ಹಚ್ಚಬೇಕು, ಬಿಸಿಲಿನಲ್ಲಿ ಕೂರಿಸಬೇಕು, ಮಚ್ಚೆಯ ಮೇಲೆ ಗುಳ್ಳೆ ಎದ್ದರೆ ಮುಳ್ಳಿನಿಂದ ಒಡೆಯಬೇಕು. ಗುಳ್ಳೆ ಏಳುತ್ತದೆ ಎಂದು ಅವರಿಗೆ ಗೊತ್ತಿತ್ತು! ಬಿಸಿಲು ಎಷ್ಟು ಎಂದರೆ, ಅವರವರ ಶಕ್ತಿಗೆ ತಕ್ಕಷ್ಟು. ಬಾವಂಚಿಯೂ ಇದೇ ದಾರಿಯ ಮದ್ದು. ಈಜಿಪ್ಟಿನಲ್ಲಿ ನೈಲ್ ದಡದ ಅಮ್ಮಿ ಮೇಜಸ್ ಎಂಬ ಗಿಡದ ಬೀಜ ತಿಂದು ಬಿಸಿಲಿಗೆ ಕೂರುವ ಪದ್ಧತಿ ಇತ್ತು. ಹದಿಮೂರನೆಯ ಶತಮಾನದ ಇಬ್ನ್ ಅಲ್-ಬೈತಾರ್ ಅದನ್ನು ಬರೆದಿಟ್ಟಿದ್ದಾನೆ.

ಬಾವಂಚಿಯೊಳಗೆ ಏನಿದೆ ಎಂದು ಕಂಡುಹಿಡಿದವರು ಯಾರೆಂದು ಓದಿದಾಗ ನಾನು ಕುರ್ಚಿಯಿಂದ ಎದ್ದುನಿಂತೆ. 1933ರಲ್ಲಿ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್, ಎಸ್. ವೆಂಕಟರಾವ್ ಎಂಬ ಮೂವರು ಭಾರತೀಯ ರಸಾಯನಶಾಸ್ತ್ರ ಪತ್ರಿಕೆಯಲ್ಲಿ ಬಾವಂಚಿ ಬೀಜದಿಂದ ಬೇರ್ಪಡಿಸಿದ ಒಂದು ವಸ್ತುವಿನ ಬಗ್ಗೆ ಪ್ರಕಟಿಸಿದರು. ಗಿಡದ ಸಸ್ಯಶಾಸ್ತ್ರೀಯ ಹೆಸರು ಸೋರಲಿಯಾ, ಹಾಗಾಗಿ ವಸ್ತುವಿನ ಹೆಸರು ಸೋರಲೆನ್. 1936ರಲ್ಲಿ ವಿಯೆನ್ನಾದ ಅರ್ನ್ಸ್ಟ್ ಷ್ಪೇಟ್ ಜೊತೆ ಸೇರಿ ಮಂಜುನಾಥ್ ಮತ್ತು ಜೋಯಿಸ್ ಅದರ ರಚನೆಯನ್ನು ಬಿಡಿಸಿ ಜರ್ಮನ್ ಪತ್ರಿಕೆಯಲ್ಲಿ ಬರೆದರು. ಮುಂದೆ 'ವೆಲ್ತ್ ಆಫ್ ಇಂಡಿಯಾ' ಎಂಬ ಮಹಾಕೋಶದ ಮೊದಲ ಸಂಪಾದಕರಾದ ಮಂಜುನಾಥರು ಇವರೇ. ಚರ್ಮವೈದ್ಯರ ನಾಲಿಗೆಯ ಮೇಲೆ ದಿನವೂ ಆಡುವ ಒಂದು ಪದದ ಹಿಂದೆ ನಮ್ಮವರ ಹೆಸರುಗಳಿವೆ. ಶಾಲೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಸೋರಲೆನ್ ಮಾಡುವ ಕೆಲಸ ಮ್ಯೂನಿಕ್‌ನ ಬಣ್ಣಗಳ ಕೆಲಸಕ್ಕಿಂತ ಬೇರೆ. ಅದು ಜೀವಕೋಶದ ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ಹೋಗಿ ಸುಮ್ಮನೆ ಕೂರುತ್ತದೆ. ಅತಿನೇರಳೆ-ಎ ಕಿರಣ ಬಿದ್ದೊಡನೆ ಏಣಿಯ ಎರಡೂ ಕಡೆಯನ್ನು ಕಚ್ಚಿ ಹಿಡಿಯುತ್ತದೆ. ಕೋಶಕ್ಕೆ ವಿಭಜನೆಯಾಗಲು ಬರುವುದಿಲ್ಲ. ಅತಿಯಾದರೆ ಸಾಯುತ್ತದೆ. ಚರ್ಮದಲ್ಲಿ ಬಣ್ಣ ಮಾಡುವ ಕೋಶಗಳು ಕೆರಳಿ ಮತ್ತೆ ಕೆಲಸಕ್ಕೆ ಇಳಿಯುವುದೂ ಇದೇ ಗದ್ದಲದಲ್ಲಿ. ಕೈರೋದಲ್ಲಿ ಅಮ್ಮಿ ಮೇಜಸ್‌ನಿಂದ ಬೇರ್ಪಡಿಸಿದ ಮೆಥಾಕ್ಸಿಸೋರಲೆನ್ ಎಂಬ ದಾಯಾದಿಯನ್ನು ಎಲ್ ಮೊಫ್ಟಿ ಎಂಬ ವೈದ್ಯ 1940ರ ದಶಕದ ಕೊನೆಯಲ್ಲಿ ತೊನ್ನಿಗೆ ಬಳಸಿ ನೋಡಿದ. 1974ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಪ್ಯಾರಿಶ್, ಫಿಟ್ಸ್‌ಪ್ಯಾಟ್ರಿಕ್, ಟ್ಯಾನೆನ್‌ಬಾಮ್ ಮತ್ತು ಭಾರತದಿಂದ ಹೋದ ಪಾಠಕ್ ಸೇರಿ ಅದೇ ಮಾತ್ರೆ ನುಂಗಿಸಿ, ಅಳತೆ ಹಾಕಿದ ಅತಿನೇರಳೆ-ಎ ದೀಪಗಳ ಪೆಟ್ಟಿಗೆಯಲ್ಲಿ ಸೋರಿಯಾಸಿಸ್ ರೋಗಿಗಳನ್ನು ನಿಲ್ಲಿಸಿದರು. ಪುವಾ ಎಂದು ಅದಕ್ಕೆ ಹೆಸರಾಯಿತು. ಅತ್ತೆಯನ್ನು ಅಂಗಳದಲ್ಲಿ ಕೂರಿಸಿದ್ದು ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಮದ್ದು ಒಂದೇ ಮನೆತನದ್ದು. ಬಾಸ್ಟನ್ನಿನಲ್ಲಿ ಮೀಟರು ಇತ್ತು.

ಮೀಟರು ಇದ್ದರೂ ಸಾಲದಾಯಿತು. 1979ರಲ್ಲಿ ರಾಬರ್ಟ್ ಸ್ಟರ್ನ್ ಮತ್ತು ಸಂಗಡಿಗರು ಪುವಾ ಪಡೆದ ರೋಗಿಗಳನ್ನು ಹಿಂಬಾಲಿಸಿ ನೋಡಿದಾಗ ಅವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿದ್ದು ಕಂಡಿತು. ಡಿಎನ್‌ಎ ಕಚ್ಚುವ ಮದ್ದು ಕಚ್ಚುವುದನ್ನು ಬಿಟ್ಟೀತೇ? ವಿಚಿತ್ರವೆಂದರೆ ಅದೇ ಮದ್ದು ಅದೇ ಕಾಲದಲ್ಲಿ ಒಂದು ಚರ್ಮದ ಕ್ಯಾನ್ಸರನ್ನು ವಾಸಿಮಾಡಲೂ ಬಳಕೆಗೆ ಬಂತು. ರಕ್ತದ ಟಿ-ಕೋಶಗಳು ಚರ್ಮಕ್ಕೆ ನುಗ್ಗಿ ಬೆಳೆಯುವ ಲಿಂಫೋಮಾ ಅದು. 1987ರಲ್ಲಿ ರಿಚರ್ಡ್ ಎಡೆಲ್ಸನ್ ತಂಡ ರೋಗಿಯ ರಕ್ತವನ್ನು ಹೊರಗೆ ತೆಗೆದು, ಬಿಳಿ ಕಣಗಳಿಗೆ ಮೆಥಾಕ್ಸಿಸೋರಲೆನ್ ಮತ್ತು ಅತಿನೇರಳೆ-ಎ ಕೊಟ್ಟು, ಮತ್ತೆ ಮೈಗೆ ಹಿಂದಿರುಗಿಸಿದ ಫಲಿತಾಂಶ ಪ್ರಕಟಿಸಿತು. ಬಿಸಿಲಿಗೆ ಕೂರಿಸುವ ಬದಲು ರಕ್ತವನ್ನೇ ಬಿಸಿಲಿಗೆ ಕಳಿಸಿದ ಹಾಗೆ.

ಮ್ಯೂನಿಕ್‌ನ ದಾರಿ ಮತ್ತೆ ತೆರೆದುಕೊಂಡಿದ್ದು 1970ರ ದಶಕದಲ್ಲಿ, ಅಮೆರಿಕದ ಬಫಲೋದಲ್ಲಿ. ಥಾಮಸ್ ಡೋಅರ್ಟಿ ಅಲ್ಲಿನ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ರಸಾಯನಶಾಸ್ತ್ರಜ್ಞ. ಪಾರ್ಫಿರಿನ್‌ಗಳು ಗಡ್ಡೆಯಲ್ಲಿ ಉಳಿದುಕೊಳ್ಳುತ್ತವೆ ಎನ್ನುವುದು ಆ ಹೊತ್ತಿಗೆ ತಿಳಿದಿತ್ತು. 1978ರಲ್ಲಿ ಅವನು 25 ರೋಗಿಗಳ 113 ಗಡ್ಡೆಗಳ ಮೇಲೆ ಕೆಂಪು ಬೆಳಕು ಬಿಟ್ಟ ವರದಿ ಕೊಟ್ಟ. 111 ಗಡ್ಡೆಗಳು ಪೂರ್ತಿಯಾಗಿಯೋ ಸ್ವಲ್ಪವೋ ಕುಗ್ಗಿದ್ದವು. ಕೆಂಪನ್ನೇ ಆರಿಸಿದ್ದಕ್ಕೆ ಕಾರಣ, ಅದು ನೀಲಿಗಿಂತ ಆಳಕ್ಕೆ ಇಳಿಯುತ್ತದೆ. ಆದರೆ ಮೇಯರ್-ಬೆಟ್ಸ್‌ನ ಕಷ್ಟ ಇಲ್ಲಿಯೂ ಇತ್ತು. ಮದ್ದು ನರಕ್ಕೆ ಚುಚ್ಚಿದರೆ ರೋಗಿ ವಾರಗಟ್ಟಲೆ ಕತ್ತಲೆಯಲ್ಲಿರಬೇಕು.

ಅದನ್ನು ಬಿಡಿಸಿದವರು ಕೆನಡಾದ ಕಿಂಗ್‌ಸ್ಟನ್ನಿನ ಕೆನಡಿ, ಪೊಟ್ಟಿಯರ್ ಮತ್ತು ಪ್ರಾಸ್. 1990ರಲ್ಲಿ ಅವರು ಹೇಳಿದ ಉಪಾಯ ಕೇಳಿದರೆ ನಗು ಬರುತ್ತದೆ, ಅಷ್ಟು ಸರಳ. ಮದ್ದನ್ನು ನಾವು ಕೊಡುವುದೇ ಬೇಡ, ಕೋಶವೇ ತಯಾರಿಸಿಕೊಳ್ಳಲಿ. ನಮ್ಮ ದೇಹ ರಕ್ತದ ಹೀಮ್ ತಯಾರಿಸುವ ದಾರಿಯಲ್ಲಿ ಅಮಿನೋಲೆವುಲಿನಿಕ್ ಆಮ್ಲ ಎಂಬ ಕಚ್ಚಾ ವಸ್ತು ಬರುತ್ತದೆ. ಅದನ್ನು ಚರ್ಮಕ್ಕೆ ಹಚ್ಚಿದರೆ ಕೆಟ್ಟ ಕೋಶಗಳು ಆತುರದಲ್ಲಿ ಅದನ್ನು ಹೀರಿ, ಬೆಳಕಿಗೆ ಉರಿಯುವ ಪ್ರೋಟೋಪಾರ್ಫಿರಿನ್ ಮಾಡಿಕೊಂಡು ಕೂರುತ್ತವೆ. ದೀಪ ಹಾಕಿದರೆ ಅವೇ ಸುಡುತ್ತವೆ. ಸುತ್ತಲ ಒಳ್ಳೆಯ ಚರ್ಮಕ್ಕೆ ಹೆಚ್ಚು ಪೆಟ್ಟಿಲ್ಲ, ಗಾಯದ ಕಲೆ ಕಡಿಮೆ. 1999ರ ಡಿಸೆಂಬರಿನಲ್ಲಿ ಅಮೆರಿಕ ಇದನ್ನು ಒಪ್ಪಿತು, ಕ್ಯಾನ್ಸರಿಗೆ ತಿರುಗಬಹುದಾದ ಬಿಸಿಲ ಒರಟು ಮಚ್ಚೆಗಳಿಗೆ. ನೀಲಿ ಬೆಳಕು, 1000 ಸೆಕೆಂಡು. ಯೂರೋಪಿನಲ್ಲಿ ತೆಳುವಾದ ಬೇಸಲ್ ಸೆಲ್ ಕ್ಯಾನ್ಸರಿಗೂ ಇದರ ಸೋದರ ಮುಲಾಮು ಬಂತು. ಮಿತಿಗಳೂ ಇವೆ. ಬೆಳಕು ಇಳಿಯುವುದು ಕೆಲವೇ ಮಿಲಿಮೀಟರು. ದಪ್ಪ ಗಡ್ಡೆಗೆ ಇದು ಸಾಲದು, ಮೆಲನೋಮಾದ ಚಿಕಿತ್ಸೆ ಇದಲ್ಲ. ದೀಪದ ಕೆಳಗೆ ಉರಿ ಮಾತ್ರ ಜೋರು.

ಇನ್ನು ಫಿನ್ಸೆನ್‌ನ ವಿಷಯ. 2005ರಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು ಅವನ ಹಳೆಯ ದೀಪಗಳನ್ನೂ ಮಸೂರಗಳನ್ನೂ ಹೊರತೆಗೆದು ಅಳೆದರು. ಅವುಗಳ ಮೂಲಕ 340 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು ಹಾಯುತ್ತಲೇ ಇರಲಿಲ್ಲ. ಕ್ರಿಮಿ ಕೊಲ್ಲುತ್ತದೆ ಎಂದು ಅವನು ನಂಬಿದ್ದ ಕಿರಣಗಳು ರೋಗಿಯನ್ನು ಮುಟ್ಟಿರಲಿಲ್ಲ! ಹಾಗಾದರೆ ಲೂಪಸ್ ವಾಸಿಯಾದದ್ದು ಹೇಗೆ? ಕ್ಷಯದ ಕ್ರಿಮಿಯೊಳಗೇ ಪಾರ್ಫಿರಿನ್ ಇರುತ್ತದೆ ಎಂದು ಅವರು ತೋರಿಸಿದರು. ನೇರಳೆ-ನೀಲಿ ಬೆಳಕಿಗೆ ಅದು ಉರಿದು, ಆಮ್ಲಜನಕವನ್ನು ಕೆರಳಿಸಿ, ತನ್ನ ಕ್ರಿಮಿಯನ್ನೇ ಕೊಂದಿರಬೇಕು. ಫಿನ್ಸೆನ್ ಮಾಡುತ್ತಿದ್ದದ್ದು ಟಾಪೈನರ್‌ನ ಫೋಟೋಡೈನಾಮಿಕ್ ಚಿಕಿತ್ಸೆ. ಬಣ್ಣವನ್ನು ಕ್ರಿಮಿಯೇ ಹೊತ್ತು ತಂದಿತ್ತು, ಅಷ್ಟೇ. ನೊಬೆಲ್ ಬಂದದ್ದು ತಪ್ಪು ವಿವರಣೆಯ ಸರಿಯಾದ ಕೆಲಸಕ್ಕೆ.

ಆ ಅಧ್ಯಯನದ ಲೇಖಕರಲ್ಲಿ ಒಬ್ಬನಾದ ಹಾನ್ಸ್ ಕ್ರಿಸ್ಟಿಯನ್ ವುಲ್ಫ್ ತನ್ನ ತಂಡದೊಂದಿಗೆ ಇನ್ನೊಂದು ಕೆಲಸವನ್ನೂ ಮಾಡಿದ. ಒರಟು ಮಚ್ಚೆಗಳಿಗೆ ಮುಲಾಮು ಹಚ್ಚಿ, ದೀಪದ ಕೆಳಗೆ ಮಲಗಿಸುವ ಬದಲು, ಎರಡು ಗಂಟೆ ಹೊರಗೆ ಹಗಲ ಬೆಳಕಿನಲ್ಲಿ ಓಡಾಡಿಕೊಂಡು ಬರಲು ಕಳಿಸುವುದು. ಬಣ್ಣ ಕೂಡಿದ ಹಾಗೆಲ್ಲ ಬೆಳಕು ಅದನ್ನು ಚೂರುಚೂರೇ ಬಳಸಿಕೊಳ್ಳುವುದರಿಂದ ಉರಿ ತೀರಾ ಕಡಿಮೆ. ದೀಪಗಳನ್ನು ಕಟ್ಟಿದ ಊರೇ ನೂರು ವರ್ಷದ ಮೇಲೆ ರೋಗಿಯನ್ನು ಅಂಗಳಕ್ಕೆ ಕಳಿಸಿತು, ಈ ಸಲ ಗಡಿಯಾರ ನೋಡಿಕೊಂಡು.

ನಾನು ನಿಲ್ಲುವ ಪೆಟ್ಟಿಗೆಯಲ್ಲಿ ಬಾವಂಚಿಯೂ ಇಲ್ಲ, ಮುಲಾಮೂ ಇಲ್ಲ. ಅತಿನೇರಳೆ-ಬಿ ಕಿರಣಗಳ ಪಟ್ಟಿಯಲ್ಲಿ ಸುಡುವ ಭಾಗವನ್ನು ಆದಷ್ಟು ಬಿಟ್ಟು, ವಾಸಿಮಾಡುವ ಭಾಗವನ್ನು ಮಾತ್ರ ಕೊಡುವ, 311 ನ್ಯಾನೋಮೀಟರಿನ ಸುತ್ತಮುತ್ತಲಿನ ಟ್ಯೂಬುಗಳು ಅವು. ಸುಡುವುದು ಯಾವುದು, ವಾಸಿಮಾಡುವುದು ಯಾವುದು ಎಂದು ತರಂಗಾಂತರವನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿದ್ದು 1981ರಲ್ಲಿ, ಅದೇ ಪ್ಯಾರಿಶ್. 1997ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು ತೊನ್ನಿಗೆ ಇದು ಪುವಾಕ್ಕೆ ಕಡಿಮೆಯಿಲ್ಲ ಎಂದು ತೋರಿಸಿದರು. ನನ್ನ ಮಚ್ಚೆಯ ನಡುವೆ ರೋಮದ ಬುಡಗಳಲ್ಲಿ ಸಾಸಿವೆ ಗಾತ್ರದ ಕಂದು ಚುಕ್ಕೆಗಳು ಮೂಡಿವೆ. ಪೂರ್ತಿ ಮುಚ್ಚುತ್ತದೋ ಇಲ್ಲವೋ ಡಾಕ್ಟರು ಮಾತು ಕೊಟ್ಟಿಲ್ಲ.

ಹೋದ ಭಾನುವಾರ ಅತ್ತೆಗೆ ಫೋನ್ ಮಾಡಿದೆ. ಈಗ ಎಪ್ಪತ್ತು ದಾಟಿದೆ. ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳಿದೆ, ನನಗೂ ಬಂದಿದೆ ಅಂತ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಾವಂಚಿ ತಪ್ಪು ಮದ್ದಲ್ಲವಂತೆ ಅತ್ತೆ, ಬೆಂಗಳೂರು-ಅಮೆರಿಕ ಎಲ್ಲ ಸುತ್ತಿ ಬಂದ ಮದ್ದಂತೆ, ಅಂತೇನೋ ಹೇಳಹೊರಟೆ. ಅವರಿಗೆ ಅದು ಬೇಕಾಗಿರಲಿಲ್ಲ.

"ಎಷ್ಟು ಹೊತ್ತು ಬಿಸಿಲಿಗೆ ನಿಲ್ಲಿಸ್ತಾರೆ ನಿನ್ನ?" ಅಂದರು.

"ಬಿಸಿಲಲ್ಲ, ದೀಪ. ಒಂದು ನಿಮಿಷ, ಹತ್ತು ಸೆಕೆಂಡು."

"ಅಷ್ಟೇನಾ?"

"ಅಷ್ಟೇ."

"ನನ್ನ ಮಧ್ಯಾಹ್ನವೆಲ್ಲ ಕೂರಿಸಿದ್ರು ಕಣೋ," ಅಂದರು ಅತ್ತೆ. ಆಮೇಲೆ ಮಕ್ಕಳ ಪರೀಕ್ಷೆ ಯಾವಾಗ ಅಂತ ಕೇಳಿದರು.